ಕಾರಿನೊಳಗಡಗಿರುವ ಕಳ್ಳ

"ಶ್‌ಶ್... ಮಾತಾಡಬ್ಯಾಡಿ!"

ಬೈತಖೋಲ ಬಂದರಿನ ಪಕ್ಕದ ಆ ತಗಡಿನ ಶೆಡ್ಡಿನೊಳಗೆ ಕಾಲಿಟ್ಟ ಗುರುಪ್ರಸಾದನಿಗೆ ಸಿಕ್ಕ ಸ್ವಾಗತ ಅದು.

ಅವನು ಬಾಯಿ ತೆರೆದವನು ಹಾಗೇ ನಿಂತ.

ಎದುರಿಗೆ ಒಬ್ಬಳು ಹುಡುಗಿ ಕಣ್ಣು ಮುಚ್ಚಿ ಬಗ್ಗಿದ್ದಳು. ಕೈಯಲ್ಲಿ ಮೊಳದುದ್ದದ ಬಿದಿರಿನ ಕೋಲು. ಕೋಲಿನ ಒಂದು ತುದಿ ಗುಡುಗುಡು ಎನ್ನುತ್ತಿದ್ದ ದೋಣಿಯ ಎಂಜಿನ್ನಿನ ಮೇಲೆ, ಇನ್ನೊಂದು ತುದಿ ಅವಳ ಕಿವಿಗೆ. ಕೆನ್ನೆಯ ಮೇಲೆ ಗ್ರೀಸಿನ ಗೆರೆ. ಜಡೆಯಲ್ಲಿ ಬಾಡಿದ ಅಬ್ಬಲಿಗೆ.

"ಎರಡನೇ ಸಿಲಿಂಡರ್, ಅಪ್ಪಾ. ಅದರ ವಾಲ್ವು ಕೂತ್ಕಣ್ತಾ ಇಲ್ಲ."

ಮೂಲೆಯಲ್ಲಿ ಬೀಡಿ ಹಚ್ಚುತ್ತಿದ್ದ ಜಟ್ಟಪ್ಪ ತಲೆಯಾಡಿಸಿ ಎಂಜಿನ್ ನಿಲ್ಲಿಸಿದ. ಕಾರವಾರದ ದೋಣಿಯವರಿಗೆಲ್ಲ ಗೊತ್ತಿದ್ದ ಮಾತು ಅದು: ರಿಪೇರಿ ಜಟ್ಟಪ್ಪನದು, ಕಿವಿ ಅವನ ಮಗಳು ಚಂಪಾಳದು.

ಆಗ ಅವಳು ಕಣ್ಣು ತೆರೆದಳು.

ಇಸ್ತ್ರಿ ಮಾಡಿದ ಅಂಗಿಯ ಗಂಡಸೊಬ್ಬ ಇನ್ನೂ ಉಸಿರು ಹಿಡಿದುಕೊಂಡೇ ನಿಂತಿದ್ದ!

"ಈಗ ಮಾತಾಡಬಹುದಾ?" ಅವನು ಪಿಸುಗುಟ್ಟಿದ.

ಚಂಪಾಳಿಗೆ ನಗು ಬಂತು, ತಡೆದುಕೊಂಡಳು. 'ಎಷ್ಟು ಜನಕ್ಕೆ ಸುಮ್ನಿರಿ ಅಂದೆ ನಾನು... ನಿಜವಾಗಿ ಸುಮ್ಮನಿದ್ದವರು ಇವರೊಬ್ಬರೇ.'

"ನಾನು ಗುರುಪ್ರಸಾದ ನಾಯಕ, ಅಂಕೋಲೆಯ ಬೊಬ್ರುವಾಡದವನು. ಬಿಣಗಾ ಫ್ಯಾಕ್ಟರಿಯಲ್ಲಿ ಕೆಮಿಸ್ಟ್. ನನ್ನ ಕಾರಲ್ಲಿ ಒಂದು ಸದ್ದು ಬರ್ತದೆ. ಎಲ್ಲಿಂದ ಅಂತ ಗೊತ್ತಾಗ್ತಿಲ್ಲ."

"ಸ್ಟಾರ್ಟ್ ಮಾಡಿ."

"ಸ್ಟಾರ್ಟ್ ಆಗಿಯೇ ಅದೆ."

ಚಂಪಾ ಹೊರಗೆ ಬಂದು ನೋಡಿದಳು. ಹಸಿರು ಬಣ್ಣದ, ಎರಡೇ ಬಾಗಿಲಿನ, ಗೊಂಬೆಯಂಥ ಪುಟ್ಟ ಕಾರು. ಬಾನೆಟ್ಟಿನ ಮೇಲೆ ಕೋಲಿಟ್ಟು ಕಿವಿಗೊಟ್ಟಳು.

ಏನೂ ಇಲ್ಲ... ಎದೆಬಡಿತವೇ ಇಲ್ಲದ ಪ್ರಾಣಿಯ ಹಾಗೆ!

"ಅಯ್ಯೋ! ಎಂಜಿನ್ನೇ ಇಲ್ವಲ್ಲ ಇದ್ರಲ್ಲಿ!"

"ಬ್ಯಾಟರಿ ಕಾರು. ಕರೆಂಟಿನದು. ಊರಿನ ಯಾವ ಗ್ಯಾರೇಜಿನವರೂ ಮುಟ್ಟಲಿಲ್ಲ. ಎಂಜಿನ್ ಇಲ್ದ ಗಾಡೀಲಿ ಸದ್ದು ಎಲ್ಲಿಂದ ಬರ್ತದೆ, ಅದು ನಿಮ್ಮ ತಲೇಲಿ ಅದೆ ಅಂದ್ರು."

ಅವನು ಹೇಳಿಕೊಂಡ. ತಾಯಿ ದಮಯಂತಿಗೆ ಉಬ್ಬಸ. ಡೀಸೆಲ್ ಹೊಗೆ ತಾಗಿದರೆ ಎದೆ ಕಟ್ಟುತ್ತದೆ. ಹಾಗಾಗಿ ನಾಲ್ಕು ವರ್ಷದಿಂದ ಆಕೆ ಬಸ್ ಹತ್ತಿಲ್ಲ. ಕಾರವಾರದ ಹಬ್ಬುವಾಡದಲ್ಲಿ ಆಕೆಯ ಅಕ್ಕನ ಮನೆ, ಅಲ್ಲಿ ಭಾನುವಾರ ಭಾನುವಾರ ಕಾವ್ಯ ಓದುವ ಕೂಟ. ಆಕೆಯ ಜೀವವೇ ಆ ಕೂಟ. ಹೊಗೆಯಿಲ್ಲದ ಕಾರು ಬಂದದ್ದೇ ಅದಕ್ಕಾಗಿ. ಆದರೆ ಮೊದಲ ದಿನವೇ ಏರಿನಲ್ಲಿ 'ಸರ್ರ್' ಎಂದು ಸದ್ದು! 'ದೇವರಿಗೆ ಒಪ್ಪಿಗೆ ಇಲ್ಲ ಮಗಾ, ಇದನ್ನ ವಾಪಸ್ ಕೊಡು' ಎಂದು ಆಕೆ ಮತ್ತೆ ಕಾರು ಹತ್ತಲಿಲ್ಲ.

"ನಿಮ್ಮ ತಲೇಲಿ ಇಲ್ಲ ನಾಯಕರೇ, ಕಾರಲ್ಲೇ ಅದೆ," ಎಂದಳು ಚಂಪಾ. "ಎಂಜಿನ್ ಗಲಾಟೆ ಇದ್ದ ಗಾಡೀಲಿ ನೂರು ಸಣ್ಣ ಸದ್ದು ಅಡಗಿ ಹೋಗ್ತವೆ. ಇದು ಮೌನದ ಗಾಡಿ. ಇದ್ರಲ್ಲಿ ಸಾಸಿವೆ ಬಿದ್ರೂ ಕೇಳ್ತದೆ."

ಅವನು ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದು, ಅವಳು ಹೇಳಿದ್ದನ್ನು ಹಾಗೇ ಬರೆದುಕೊಂಡ.

ಚಂಪಾ ಬೆರಗಾಗಿ ನೋಡಿದಳು. ತನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದು ಜನ್ಮದಲ್ಲಿ ಅದೇ ಮೊದಲು.

"ಭಾನುವಾರ ಬನ್ನಿ. ಆಯಿಯನ್ನೂ ಕರ್ಕೊಂಡು ಬನ್ನಿ. ಸದ್ದು ಮೊದಲು ಕೇಳಿದ್ದು ಅವರಲ್ವಾ? ಅವರ ಕಿವಿ ಬೇಕು ನಂಗೆ."

ತನ್ನ ಕಿವಿ ಬೇಕೆಂದು ಯಾರೋ ಹೇಳಿ ಕಳಿಸಿದ್ದಾರೆ ಎಂದ ಮೇಲೆ ದಮಯಂತಿ ತಡಮಾಡಲಿಲ್ಲ, ಭಾನುವಾರ ತಾನೇ ಕಾರು ಹತ್ತಿದಳು.

ಮುದುಕಿ ಮಗುವಿನಷ್ಟು ಸಣ್ಣಗಿದ್ದಳು. ಕಾರಿನ ಹಿಂದಿನ ಇಕ್ಕಟ್ಟು ಸೀಟಿನಲ್ಲಿ ಕಾಲು ಮಡಚಿ, ಜಪಮಾಲೆ ಹಿಡಿದು ಕೂತಿದ್ದಳು. ಚಂಪಾ ಮುಂದೆ, ಗುರುಪ್ರಸಾದನ ಪಕ್ಕದಲ್ಲಿ.

ಬಿಣಗಾ ಏರು ಹತ್ತಿದರು, ಇಳಿದರು. ಮತ್ತೆ ಹತ್ತಿದರು, ಮತ್ತೆ ಇಳಿದರು. ಕೆಳಗೆ ಸಮುದ್ರ ಬೆಳ್ಳಗೆ ಹೊಳೆಯುತ್ತಿತ್ತು.

"ಇದೇನೇ ತಂಗಿ, ಪ್ರದಕ್ಷಿಣೆ ಹಾಕಸ್ತಾ ಇದ್ದೀಯಲ್ಲ!" ದಮಯಂತಿ ನಕ್ಕಳು. ಆಮೇಲೆ ಬೇಸರ ಕಳೆಯಲು, ರಾಗವಾಗಿ, ತನ್ನದೇ ಒಂದು ಪದ ಕಟ್ಟಿ ಹಾಡಿಯೇ ಬಿಟ್ಟಳು:

"ಕಾರಿನೊಳಗಡಗಿರುವ ಕಳ್ಳನೆ
ಬಾರೊ ಹೊರಗಡೆ ಬೇಗ ಬಾರೆಲೊ..."

"ಮುಂದೆ?" ಚಂಪಾ ಥಟ್ಟನೆ ತಿರುಗಿದಳು.

"ಮುಂದಿಂದು ಕಳ್ಳ ಸಿಕ್ಕಿದ ಮೇಲೆ!"

ಗುರುಪ್ರಸಾದ ಫಕ್ಕನೆ ನಕ್ಕ. ಆ ನಗುವಿನ ನಡುವೆಯೇ ಚಂಪಾಳ ಕೈ ಮೇಲಕ್ಕೆ ಹೋಯಿತು. ಅವನ ನಗು ಅಲ್ಲೇ ನಿಂತಿತು. ಏಕೆ, ಏನು ಎಂದು ಅವನು ಕೇಳಲಿಲ್ಲ. ಫ್ಯಾನ್ ಆರಿಸಿದ, ಕಾರನ್ನು ಇಳಿಜಾರಿನಲ್ಲಿ ತಾನಾಗಿ ಹೋಗಲು ಬಿಟ್ಟ, ಕೈಗಡಿಯಾರವನ್ನೂ ಬಿಚ್ಚಿ ಜೇಬಿಗೆ ಹಾಕಿಕೊಂಡ.

'ಗಡಿಯಾರದ ಟಿಕ್ ಟಿಕ್ ಕೂಡ ನನಗೆ ಅಡ್ಡಿ ಆಗಬಾರದು ಅಂತ!' ಚಂಪಾಳ ಎದೆಯೊಳಗೆ ಏನೋ ಮೆಲ್ಲಗೆ ಸರಿಯಿತು.

ಸರ್ರ್ರ್...

"ಆಯಿ, ಇದು ಎಂತದರ ಸದ್ದು? ಯೋಚನೆ ಮಾಡಬ್ಯಾಡಿ, ಕೂಡಲೇ ಹೇಳಿ!"

"ಮೊರ!" ಎಂದಳು ದಮಯಂತಿ. "ಮೊರದಲ್ಲಿ ಅಕ್ಕಿ ಕೇರಿದ ಹಂಗೆ!"

"ಕಾರು ಪೂಜೆ ಮಾಡುವಾಗ ಅಕ್ಷತೆ ಎಲ್ಲಿಗೆ ಹಾಕಿದ್ರಿ?"

ದಮಯಂತಿಯ ಕೈಯ ಜಪಮಾಲೆ ನಿಂತಿತು.

"ಎದುರು ಗಾಜಿನ ಮೇಲೆ... ಮೂರು ಮುಷ್ಟಿ... ಅಯ್ಯೋ ದೇವರೇ!"

ರಸ್ತೆಯ ಬದಿಗೆ ನಿಲ್ಲಿಸಿ ಚಂಪಾ ಗಾಜಿನ ಬುಡದ ಗಾಳಿಜಾಲರಿಯ ನಾಲ್ಕು ಸ್ಕ್ರೂ ಬಿಚ್ಚಿದಳು. ಒಳಗೆ ಕೈ ಹಾಕಿ ತೆಗೆದರೆ ಅರಿಸಿನ ಹಚ್ಚಿದ ಅಕ್ಕಿ! ಏರಿನಲ್ಲಿ ಹಿಂದಕ್ಕೆ, ಇಳಿಜಾರಿನಲ್ಲಿ ಮುಂದಕ್ಕೆ ಹರಿಯುತ್ತಿದ್ದ ಬೊಗಸೆ ತುಂಬ ಅಕ್ಷತೆ.

"ದೇವರಿಗೆ ಒಪ್ಪಿಗೆ ಇಲ್ಲ ಅಂದ್ರಲ್ಲ ಆಯಿ... ಇದು ನಿಮ್ಮದೇ ಆಶೀರ್ವಾದದ ಸದ್ದು!"

ದಮಯಂತಿ ಆ ಅಕ್ಕಿಯನ್ನು ಚಂಪಾಳ ಗ್ರೀಸು ಮೆತ್ತಿದ ಕೈಯಿಂದಲೇ ಸೆರಗಿಗೆ ಹಾಕಿಸಿಕೊಂಡಳು. ಎರಡು ಕಾಳು ತೆಗೆದು ಅವಳ ತಲೆಯ ಮೇಲಿಟ್ಟಳು.

ಗುರುಪ್ರಸಾದ ಬರೀ ನೋಡುತ್ತಿದ್ದ... ಸಮುದ್ರವನ್ನಲ್ಲ.

ಸದ್ದು ಹೋಯಿತು. ಆದರೆ ಗುರುಪ್ರಸಾದ ಹೋಗಲಿಲ್ಲ!

ಮುಂದಿನ ಶನಿವಾರ ಡ್ಯೂಟಿ ಮುಗಿದ ಮೇಲೆ ಬಂದ. "ವೈಪರ್ ಹತ್ತಿರ ಎಂತದೋ ಸದ್ದು..."

ಅದರ ಮುಂದಿನ ಶನಿವಾರ. "ಡಿಕ್ಕಿಯಲ್ಲಿ..."

ಚಂಪಾ ಕಿವಿಗೊಟ್ಟಳು. ಏನೂ ಇರಲಿಲ್ಲ. ಅದು ಅವಳಿಗೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತಿತ್ತು. ಆದರೂ ಅರ್ಧ ಗಂಟೆ ಕೇಳುತ್ತಿದ್ದಳು. ಅವನು ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದ. ಅವನು ಮಾತಿಗಿಂತ ಮೌನವನ್ನೇ ಹೆಚ್ಚು ಚೆನ್ನಾಗಿ ಆಡುವವನು ಎಂದು ಅವಳಿಗೆ ಅನ್ನಿಸುತ್ತಿತ್ತು.

"ಅಲ್ಲಾ ಬಾಯೆ," ಜಟ್ಟಪ್ಪ ಒಂದು ದಿನ ಬೀಡಿಯ ಹೊಗೆಯ ಹಿಂದಿನಿಂದ ಮಗಳನ್ನು ಕೇಳಿದ, "ಆ ಕಾರಿಗೆ ಕಾಯಿಲೆಯೋ, ಕಾರಿನ ಯಜಮಾನಂಗೋ?"

"ಅಪ್ಪಾ!"

ಮೂರನೆಯ ಶನಿವಾರ ಅವನ ಜೊತೆಗೆ ಫ್ಯಾಕ್ಟರಿಯ ಗೆಳೆಯ ಮಂಗೇಶ ಬಂದಿದ್ದ. ಬಾಯಿ ಮುಚ್ಚಿ ಗೊತ್ತಿಲ್ಲದ ಮನುಷ್ಯ.

"ಓಹೋ, ಅಕ್ಕಿ ಹಿಡಿದ ಕಿವಿ ಇದೇನಾ! ಮುಂದಿನ ಸಲ ನಾನೇ ಒಂದು ಗೋಲಿ ಹಾಕಿಡ್ತೆ ಗುರು, ಹಿಡೀತಾರಾ ನೋಡ್ವಾ!"

"ಸುಮ್ನಿರು ಮಾರಾಯ!" ಗುರುಪ್ರಸಾದ ಗದರಿದ.

ಚಂಪಾಳ ಮುಖ ಸಣ್ಣಗಾಯಿತು. ಎರಡು ವರ್ಷದ ಹಿಂದೆ ಕೆಲವು ದೋಣಿ ಮಾಲೀಕರು ಹೀಗೇ ಪಂಥ ಕಟ್ಟಿದ್ದರು. ಎಂಜಿನ್ನಿನ ಪೆಟ್ಟಿಗೆಯೊಳಗೆ ಚಮಚ ಬಚ್ಚಿಟ್ಟು, 'ಕೆಟ್ಟದೆ, ನೋಡು' ಎಂದು ಮೂರು ತಾಸು ಅವಳನ್ನು ಬಿಸಿಲಲ್ಲಿ ಬಗ್ಗಿಸಿದ್ದರು. ಚಮಚ ತೆಗೆದಾಗ ಬಂದರೇ ನಕ್ಕಿತ್ತು. ಆ ನಗುವನ್ನು ಮಾತ್ರ ಅವಳ ಕಿವಿ ಇಂದಿಗೂ ಮರೆತಿರಲಿಲ್ಲ.

ನಾಲ್ಕನೆಯ ಶನಿವಾರ ಗುರುಪ್ರಸಾದ ಗಾಬರಿಯಲ್ಲಿ ಬಂದ.

"ಇವತ್ತು ನಿಜವಾಗಿ ಸದ್ದು ಅದೆ!"

'ನಿಜವಾಗಿ' ಎಂದವನು ಕಿವಿಯ ತನಕ ಕೆಂಪಾದ. ಚಂಪಾ ತುಟಿ ಕಚ್ಚಿ ನಗು ನುಂಗಿ ಕಾರು ಹತ್ತಿದಳು.

ಶೆಡ್ಡಿನ ಎದುರಲ್ಲೇ ಬ್ರೇಕ್ ಹಾಕಿದಾಗ... ಟಕ್.

ಸದ್ದು ಅವಳು ಕೂತ ಸೀಟಿನ ಕೆಳಗೇ ಇತ್ತು. ಬಗ್ಗಿ ಕೈ ಹಾಕಿದಳು. ಸೀಟು ಸರಿಯುವ ಕಬ್ಬಿಣದ ಹಳಿಯ ಸಂದಿಯಲ್ಲಿ ಗುಂಡಗಿನದೊಂದು ಬೆರಳಿಗೆ ಸಿಕ್ಕಿತು.

ಅಡಿಕೆ!

ಉರುಳಿ ಬಂದದ್ದಲ್ಲ. ನಾರಿನಿಂದ ಕಟ್ಟಿ ಬೇಕೆಂದೇ ಇಟ್ಟದ್ದು. ಅವಳು ಕೂರುವ ಸೀಟಿನ ಕೆಳಗೇ!

'ಹಿಡೀತಾರಾ ನೋಡ್ವಾ...' ಮಂಗೇಶನ ದನಿ. ಅದರ ಹಿಂದೆಯೇ ಬಂದರಿನ ಆ ನಗು.

ಅವಳು ಅಡಿಕೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕಾರಿನಿಂದ ಇಳಿದಳು.

"ಏನು ಸಿಕ್ತು ಚಂಪಾ?"

"ಎಷ್ಟಕ್ಕೆ ಕಟ್ಟಿದ್ರಿ ಪಂಥ?"

"ಎಂತ ಪಂಥ?"

"ಗೆದ್ದೆ ಅಂತ ಹೇಳಿ ನಿಮ್ಮ ಗೆಳೆಯಂಗೆ. ಹಿಡ್ದಳು ಅಂತ ಹೇಳಿ. ನಾಯಕರೇ... ಉಳಿದವರು ನಕ್ಕಾಗ ನಂಗೆ ಸಿಟ್ಟು ಬಂದಿತ್ತು. ನೀವು... ನೀವು ನಕ್ಕರೆ ನಂಗೆ..."

ಅವಳ ಕಣ್ಣು ತುಂಬಿ ಹರಿಯಿತು. ಶೆಡ್ಡಿನೊಳಗೆ ಹೋಗಿ ತಗಡಿನ ಬಾಗಿಲು ಎಳೆದುಕೊಂಡಳು.

ಹೊರಗೆ ಅವನು ಬಹಳ ಹೊತ್ತು ನಿಂತಿದ್ದ. ಸದ್ದಿಲ್ಲದ ಕಾರು ಯಾವಾಗ ಹೋಯಿತೆಂದು ಅವಳ ಕಿವಿಗೂ ತಿಳಿಯಲಿಲ್ಲ.

ಎಂಟು ದಿನ.

ಎಂಜಿನ್ನುಗಳು ಬಂದವು, ಹೋದವು. ಚಂಪಾ ಕೋಲು ಹಿಡಿದು ಬಗ್ಗಿದರೂ ಒಳಗೆ ಕೇಳುತ್ತಿದ್ದದ್ದು ಬೇರೆಯೇ. 'ಏನು ಸಿಕ್ತು ಚಂಪಾ?' ಎಂದು ಕೇಳಿದಾಗ ಅವನ ದನಿಯಲ್ಲಿ ನಗು ಇತ್ತೇ? ಮತ್ತೆ ಮತ್ತೆ ನೆನೆದಳು. ಇರಲಿಲ್ಲ... ಬರೀ ಕಾಳಜಿ ಇತ್ತು. 'ಹಾಗಾದ್ರೆ ನನ್ನ ಕಿವಿಯೇ ತಪ್ಪಿತಾ?'

ಭಾನುವಾರ ಬೆಳಿಗ್ಗೆ ಜಟ್ಟಪ್ಪ ಸ್ಪ್ಯಾನರ್ ಹುಡುಕುತ್ತ ಅವಳ ಡಬ್ಬಿ ಕೆದಕಿದವನು ಥಟ್ಟನೆ ತಿರುಗಿದ.

"ಇದು ಎಲ್ಲಿಂದ ಬಂತು ನಿಂಗೆ?"

ಅಂಗೈಯಲ್ಲಿ ಆ ಅಡಿಕೆ.

"ಆ ಕಾರಲ್ಲಿ. ನನ್ನ ಪರೀಕ್ಷೆ ಮಾಡೂಕೆ ಇಟ್ಟಿದ್ರು."

ಜಟ್ಟಪ್ಪ ಅದನ್ನು ಬೆಳಕಿಗೆ ಹಿಡಿದ. "ಹುಚ್ಚಿ! ಸರಿಯಾಗಿ ನೋಡು. ಇದು ಬಾಳೆನಾರು. ಒಳಗೆ ಹೂವಿನ ಎಸಳು ಅದೆ. ಇದು ಪ್ರಸಾದದ ಅಡಿಕೆ."

ಚಂಪಾ ಹತ್ತಿರ ಬಂದು ಬಗ್ಗಿ ನೋಡಿದಳು.

ದೇವರ ಮೂರ್ತಿಗೆ ಹೂವಿನ ಎಸಳು ಅಂಟಿಸಿ, ಮನಸ್ಸಿನ ಮಾತು ಹೇಳಿ, ಅಪ್ಪಣೆ ಕೇಳುವುದು ಆ ಕಡೆಯ ನಡಾವಳಿ. ಎಡಗಡೆಯ ಎಸಳು ಬಿದ್ದರೆ ಬೇಡ, ಬಲಗಡೆಯದು ಬಿದ್ದರೆ ಆಗಲಿ. ಬಲ ಪ್ರಸಾದವಾದರೆ ಆ ಎಸಳನ್ನು ಅಡಿಕೆಯ ಜೊತೆ ಕಟ್ಟಿ ಕೊಡುತ್ತಾರೆ.

"ಇದನ್ನ ಯಾರಾದ್ರೂ ಗಮ್ಮತ್ತಿಗೆ ಮುಟ್ತಾರನೇ? ಯಾವ್ದೋ ಮನೆಯವರ ಹರಕೆ ಇದು. ಎಂಟು ದಿನದಿಂದ ಗ್ರೀಸಿನ ಡಬ್ಬೀಲಿ ಹಾಕಿಟ್ಟಿದ್ದೀಯಲ್ಲ... ಹೋಗು, ಕೊಟ್ಟು ಬಾ!"

ಚಂಪಾ ಕೈ ತೊಳೆದಳು. ಅಡಿಕೆಯನ್ನು ಒಗೆದ ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಅಂಕೋಲಾ ಬಸ್ಸು ಹತ್ತಿದಾಗ ಎದೆ ಎಂಜಿನ್ನಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಬೊಬ್ರುವಾಡದ ಆ ಮನೆಯ ಅಂಗಳಕ್ಕೆ ಬಂದವಳು ಹಾಗೇ ನಿಂತುಬಿಟ್ಟಳು.

ಹಸಿರು ಕಾರಿನ ಹೊಟ್ಟೆಯೆಲ್ಲ ಹೊರಗಿತ್ತು! ಸೀಟುಗಳು ಜಗಲಿಯ ಮೇಲೆ, ಬಾಗಿಲಿನ ಒಳಹಲಗೆ ತುಳಸಿಕಟ್ಟೆಗೆ ಒರಗಿಸಿ. ಹಳೆಯ ಪೇಪರಿನ ಮೇಲೆ ಸ್ಕ್ರೂಗಳು ಸಾಲಾಗಿ, ಒಂದೊಂದರ ಕೆಳಗೂ ಒಂದೊಂದು ಚೀಟಿ. ನಡುವೆ ಬನಿಯನ್ನಿನಲ್ಲಿ, ಮೈಯೆಲ್ಲ ಧೂಳಾಗಿ ಗುರುಪ್ರಸಾದ.

"ಎಂತ ಮಾಡ್ತಾ ಇದ್ದೀರಿ?"

ಅವನು ತಲೆಯೆತ್ತಿದ. ಕಣ್ಣಲ್ಲಿ ನಿದ್ದೆಯಿಲ್ಲ.

"ಹುಡುಕ್ತಾ ಇದ್ದೆ. ಅವತ್ತು ಇದ್ರಲ್ಲಿ ನಿಮಗೆ ಏನೋ ಸಿಕ್ತು, ನೀವು ಅತ್ರಿ. ಅದು ಏನು ಅಂತ ನಂಗೆ ಗೊತ್ತಾಗ್ಬೇಕಿತ್ತು. ಮಂಗೇಶನನ್ನ ಕೇಳಿದೆ, ದೇವರಾಣೆ ಇಟ್ಟ, ಅವನು ಎಂತದೂ ಇಟ್ಟಿಲ್ಲ. ಮತ್ತೆ ಉಳಿದದ್ದು ಕಾರು. ದಿನಾ ಸ್ವಲ್ಪ ಸ್ವಲ್ಪ ಬಿಚ್ಚಿದೆ..."

'ನನ್ನ ಕಣ್ಣೀರಿನ ಕಾರಣ ಹುಡುಕಲು ಹೊಸ ಕಾರನ್ನೇ ಬಿಚ್ಚಿ ಹಾಕಿದ್ದಾರೆ!' ಚಂಪಾ ಅವನ ಹತ್ತಿರ ಬಂದಳು.

ಅವಳು ಕರವಸ್ತ್ರ ಬಿಚ್ಚಿ ಅಂಗೈ ಚಾಚಿದಳು.

ಜಗಲಿಯಿಂದ ದನಿ ಬಂತು: "ಅಯ್ಯೋ, ಅದು ನಾನಿಟ್ಟದ್ದು!"

ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ದಮಯಂತಿ ಎದ್ದೇ ನಿಂತಳು. "ಅದೂ ಸದ್ದು ಮಾಡ್ತಾ? ಶಿವನೇ! ನಾನು ಇಡೂದೆಲ್ಲ ಸದ್ದೇ ಮಾಡ್ತದಲ್ಲ!"

"ಆಯಿ... ನೀನಾ?" ಗುರುಪ್ರಸಾದ ಕಣ್ಣರಳಿಸಿದ. "ಎಂಟು ದಿನದಿಂದ ನೋಡ್ತಾ ಇದ್ದೀಯಲ್ಲ ನಾನು ಬಿಚ್ಚೂದನ್ನ!"

"ಕಾರು ರಿಪೇರಿ ಮಾಡ್ತಾನೆ ಅಂದ್ಕಂಡೆ ನಾನು! ನೀನು ಯಾವತ್ತು ಬಾಯಿ ಬಿಟ್ಟು ಹೇಳ್ತೀಯ ಮಗಾ?" ಮುದುಕಿ ಚಂಪಾಳ ಕೈ ಹಿಡಿದಳು. "ಹೇಳ್ತೆ ಕೇಳು ತಂಗಿ. ನನ್ನ ಪದ ಕೇಳಿ 'ಮುಂದೆ?' ಅಂದವಳು ನೀನೊಬ್ಬಳೇ. ಇವನೋ ಶನಿವಾರ ಬಂದ್ರೆ ಹೊಸ ಅಂಗಿ ಹಾಕ್ತಾನೆ, ಬಾಯಿ ಮಾತ್ರ ಬಿಡೂದಿಲ್ಲ. ಅದಕ್ಕೇ ದೇವರ ಹತ್ತಿರ ಪ್ರಸಾದ ಕೇಳ್ದೆ. ಬಲಕ್ಕಾಯ್ತು. ನೀನು ಕೂರೂ ಜಾಗದಲ್ಲೇ ಇರ್ಲಿ ಅಂತ ಸೀಟಿನ ಕೆಳಗೆ ಇಟ್ಟೆ."

ಆಶೀರ್ವಾದ... ಮತ್ತೊಮ್ಮೆ ಆಶೀರ್ವಾದವೇ! ತಾನು ಅದನ್ನು ಅಪಹಾಸ್ಯ ಎಂದುಕೊಂಡಿದ್ದಳಲ್ಲ!

"ಆಯಿ," ಚಂಪಾ ತಲೆ ತಗ್ಗಿಸಿದಳು, "ನಾವು ದೋಣಿಯವರು. ನೀವು ಗದ್ದೆ ಮನೆಯವರು..."

"ಅದನ್ನೂ ಹೇಳಿಯೇ ಕೇಳ್ದೆ ಮಾರಾಯ್ತಿ, ಬಚ್ಚಿಡಲಿಲ್ಲ. ಬಲಕ್ಕೇ ಕೊಟ್ಟ."

"ದೇವರನ್ನ ಕೇಳಿದ್ರಿ." ಚಂಪಾ ಕಣ್ಣೊರೆಸಿಕೊಂಡು ತಲೆಯೆತ್ತಿದಳು. "ನನ್ನ ಯಾರೂ ಕೇಳ್ಲಿಲ್ಲ."

ದಮಯಂತಿ ಮಗನನ್ನು ಒಮ್ಮೆ ನೋಡಿದಳು. "ಚಾ ಇಡ್ತೆ," ಎಂದು ಒಳಗೆ ನಡೆದಳು.

ಅಂಗಳದಲ್ಲಿ ಇಬ್ಬರೇ.

ಗುರುಪ್ರಸಾದ ಎದ್ದು ನಿಂತ. ಕೈ ಒರೆಸಿಕೊಂಡ. ಕೊನೆಗೆ ಆ ಪುಟ್ಟ ನೋಟ್‌ಬುಕ್ ತೆಗೆದು ಅವಳ ಕೈಗಿಟ್ಟ.

ಚಂಪಾ ಓದಿದಳು. ಮುದ್ದಾದ ಅಕ್ಷರ.

'ಬಿಣಗಾ ಏರು. ಸರ್ರ್. ಹಿಂದಿನಿಂದ ಮುಂದಕ್ಕೆ.'

'ಇದು ಮೌನದ ಗಾಡಿ. ಇದ್ರಲ್ಲಿ ಸಾಸಿವೆ ಬಿದ್ರೂ ಕೇಳ್ತದೆ — ಚಂಪಾ.'

ಪುಟ ತಿರುವಿದಳು.

'ಶನಿವಾರ. ಸದ್ದಿಲ್ಲ. ಆದರೂ ಹೋದೆ.'

'ಶನಿವಾರ. ಸದ್ದಿಲ್ಲ. ಆದರೂ ಹೋದೆ. ಸುಳ್ಳು ಹೇಳಿದೆ. ಅವಳಿಗೆ ಗೊತ್ತಾಯಿತು ಅನ್ನಿಸುತ್ತದೆ. ಆದರೂ ಅರ್ಧ ಗಂಟೆ ಕೇಳಿದಳು.'

ಅಕ್ಷರಗಳು ಮಂಜಾದವು. ಒಂದು ಹನಿ ಕೊನೆಯ ಸಾಲಿನ ಮೇಲೆ ಬಿತ್ತು.

"ಚಂಪಾ," ಅವನು ಮೆಲ್ಲಗೆ ಅಂದ, "ನಂಗೆ ಮಾತು ಬರೂದಿಲ್ಲ. ನೀವು ಕೇಳ್ತಾ ಇದ್ರೆ ಮಾತ್ರ, ನನ್ನೊಳಗೂ ಹೇಳೂಕೆ ಏನೋ ಅದೆ ಅನ್ನಿಸ್ತದೆ. ದೇವರು ಹೌದು ಅಂದದ್ದು ಆಯಿಗೆ. ನನ್ನ ಪ್ರಶ್ನೆ ನಿಮಗೆ. ಮದುವೆ ಆಗ್ತೀರಾ ನನ್ನ?"

ಚಂಪಾ ಕಣ್ಣು ಮುಚ್ಚಿದಳು. ಉತ್ತರ ಹುಡುಕಲು ಅಲ್ಲ. ಆ ದನಿ ಪೂರ್ತಿ ಒಳಗಿಳಿಯಲಿ ಎಂದು. ಅದರಲ್ಲಿ ಎಲ್ಲಿಯೂ ಬಿರುಕಿನ ಸದ್ದಿರಲಿಲ್ಲ.

ಕಣ್ಣು ತೆರೆದು, ಅಡಿಕೆಯನ್ನು ಬಲಗೈಯಿಂದ ಅವನ ಅಂಗೈಯಲ್ಲಿಟ್ಟಳು. ಕೈಯನ್ನು ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.

ಅಡುಗೆಮನೆಯ ಕಿಟಕಿಯಿಂದ ರಾಗ ಹರಿದು ಬಂತು. ಅಷ್ಟು ದಿನ ಬಾಕಿ ಇದ್ದ ಮೂರನೆಯ ಸಾಲು:

"ಚೋರ ನಿನ್ನನು ಹಿಡಿದ ಚಂಪೆಯೆ ನಮ್ಮ ಮನೆಬೆಳಕು..."

"ಆಯಿ ಕೇಳಿಸ್ಕೊಂಡ್ರು!" ಚಂಪಾ ನಾಚಿ ಮುಖ ಮುಚ್ಚಿಕೊಂಡಳು.

ಆಮೇಲೆ ಇಬ್ಬರೂ ಸೇರಿ ಕಾರನ್ನು ಜೋಡಿಸಿದರು. ಚಾ ಎರಡು ಸಲ ಆಯಿತು. ಎಲ್ಲ ಮುಗಿದ ಮೇಲೆ ಪೇಪರಿನ ಮೇಲೆ ಒಂದು ಸ್ಕ್ರೂ ಉಳಿದಿತ್ತು. ಅದರ ಚೀಟಿ ಗಾಳಿಗೆ ಹಾರಿಹೋಗಿತ್ತು.

ಗುರುಪ್ರಸಾದ ಅದನ್ನು ಜೇಬಿಗೆ ಹಾಕಿಕೊಂಡ. "ಇದು ಇರ್ಲಿ. ಶನಿವಾರ ಬರೂಕೆ ಒಂದು ಕಾರಣ ಬೇಕಲ್ಲ."

ಚಂಪಾ ಅವನ ಜೇಬಿನಿಂದಲೇ ಸ್ಕ್ರೂ ತೆಗೆದುಕೊಂಡಳು. ಅದರ ಜಾಗ ಎಲ್ಲೆಂದು ಅವಳಿಗೆ ಆಗಲೇ ಗೊತ್ತಿತ್ತು.

"ಬ್ಯಾಡ," ಎಂದಳು, ಮೊದಲ ಸಲ ಅವನ ಕಣ್ಣನ್ನೇ ನೋಡುತ್ತ. "ಕಾರಣ ಇಲ್ದೇ ಬನ್ನಿ."